ತಾರ್ಲುಂಗಿಗೆ ಹೆಪ್ಪು

ಬ್ಯಾಡಗಿಯ ಆ ಕೋಲ್ಡ್ ಸ್ಟೋರೇಜಿನ ಆರು ಕೋಣೆಗಳಲ್ಲಿ ಮೆಣಸಿನಕಾಯಿ ಇದೆ. ಏಳನೆಯದರಲ್ಲಿ ಹಿಮಾಲಯ ಇದೆ.

ಹಿಮಾಲಯ ಎಂದರೆ ಅದರಲ್ಲಿ ಉಳಿದಷ್ಟು. ತೋಳಿನ ಗಾತ್ರದ ಮಂಜುಗಡ್ಡೆಯ ಕಂಬಗಳು ಅಲ್ಯೂಮಿನಿಯಂ ಕೊಳವೆಗಳೊಳಗೆ ಸಾಲಾಗಿ ಮಲಗಿವೆ. ಒಂದೊಂದು ಕಂಬ ಒಂದೊಂದು ಹಿಮನದಿಯದು. ಇವು ಇನ್ನು ಹೆಚ್ಚು ಕಾಲ ಇರುವುದಿಲ್ಲ ಎಂದು ಗೊತ್ತಾದ ಕೆಲವರು ಮೇಲೆ ಹತ್ತಿ, ಎದೆಯಾಳಕ್ಕೆ ಕೊರೆದು ತೆಗೆದಿಟ್ಟದ್ದು. ಕೊರೆದವರಲ್ಲಿ ಕೆಲವರು ಈಗಲೂ ಬದುಕಿದ್ದಾರೆ. ಹಿಮನದಿಗಳು ಇಲ್ಲ.

ಮೊದಲು ಈ ಕಂಬಗಳನ್ನು ಬೆಟ್ಟದ ಬುಡದ ಊರೊಂದರಲ್ಲೇ ಇಟ್ಟಿದ್ದರು. ಹಿಮ ಹೋದ ಮೇಲೆ ಅಲ್ಲಿಯ ನದಿ ಸೊರಗಿತು, ನದಿ ಸೊರಗಿದ ಮೇಲೆ ಕರೆಂಟು ಸೊರಗಿತು. ಕರೆಂಟು ಹೋದರೂ ತಣ್ಣಗಿರುವ ಜಾಗ ದೇಶದಲ್ಲಿ ಎಲ್ಲಿದೆ ಎಂದು ಹುಡುಕಿದಾಗ ಯಾರೋ ಮೆಣಸಿನಕಾಯಿಯವರ ನೆನಪು ಮಾಡಿದರು. ಬಣ್ಣ ಮಾಸದ ಹಾಗೆ ಕಾಯಿ ಕಾಪಾಡುವುದರಲ್ಲೇ ತಲೆಮಾರುಗಳನ್ನು ಕಳೆದ ಊರು ಅದು. ಹಾಗೆ ಹಿಮಾಲಯ ಲಾರಿ ಹತ್ತಿ ಹಾವೇರಿ ಜಿಲ್ಲೆಗೆ ಬಂತು. ಏಳನೆಯ ಕೋಣೆಗೆ ಬೇರೆ ಯಂತ್ರ ಕೂರಿಸಿ ಇನ್ನಷ್ಟು ತಣ್ಣಗೆ ಮಾಡಿದರು. ಪಕ್ಕದಲ್ಲಿ ಒಂದು ಸಣ್ಣ ಲ್ಯಾಬು ಕಟ್ಟಿದರು. ಆ ಲ್ಯಾಬು ನೋಡಿಕೊಳ್ಳುವ ಕೆಲಸ ಊರಿನ ಸೊಸೆ, ಸೂಕ್ಷ್ಮಜೀವಿಗಳ ಮೇಲೆ ಓದಿಕೊಂಡಿದ್ದ ಇಂಚರಾ ಮೋಟೆಬೆನ್ನೂರಳಿಗೆ ಸಿಕ್ಕಿತು. ಗಂಡ ವಿನೀತ ಕಾಯಿ ತುಂಬಿದ ತಣ್ಣನೆ ಲಾರಿ ಓಡಿಸಿಕೊಂಡು ಬಂದರಿನ ದಾರಿಯಲ್ಲೇ ಇರುತ್ತಾನೆ. ಮನೆಯಲ್ಲಿ ಅತ್ತೆ ಸವಿತಾ, ಎರಡನೆಯ ಇಯತ್ತೆಯ ಮಗಳು ಧಾತ್ರಿ. ಇಂಚರಾಗೆ ಸಾಕಾಗಿದೆಯೇ ಎಂದು ಯಾರೂ ಕೇಳಿಲ್ಲ, ಅವಳೂ ಹೇಳಿಲ್ಲ.

ಆ ದಿನ ಬೆಳಿಗ್ಗೆ ಅವಳು ಮಗಳನ್ನು ಶಾಲೆಗೆ ಬಿಟ್ಟು ಬಂದಾಗ ಗೇಟಿನಲ್ಲಿ ರಾಜೇಸಾಬ ಕಾಯುತ್ತಿದ್ದ. ಕೋಣೆಗಳನ್ನು ತಣ್ಣಗಿಡುವ ಯಂತ್ರಗಳ ಉಸ್ತುವಾರಿ ಅವನದು.

"ಅಕ್ಕಾರ, ನಿಮ್ಮ ಹಿಮಾಲಯದವ್ರು ಬಂದಾರ."

"ಯಾರು ಕಾಕಾ?"

"ಒಬ್ಬಾಕಿ ಹೆಣ್ಮಗಳು. ಬಂದಾಗಿಂದ ಸೀನಾಕತ್ತಾಳ. ಕುಡ್ಯಾಕ ನೀರು ಕೊಟ್ಟೆ, ಕಣ್ಣಾಗ ಮತ್ತಟು ನೀರು ಬಂದ್ವು."

ಮೂಟೆಗಳ ಮರೆಯಲ್ಲಿ ಕೆಂಪು ಮೂಗಿನ ಒಬ್ಬ ಹೆಂಗಸು ಕೂತಿದ್ದಳು. ತೊಡೆಯ ಮೇಲೆ ನೀಲಿ ಬಣ್ಣದ ತಂಪುಪೆಟ್ಟಿಗೆ. ಹೆಸರು ಡೆಚೆನ್. ಝಂಸ್ಕಾರದ ಆಚೆಯ ತಾರ್ಲುಂಗ್ ಎಂಬ ಊರಿನಲ್ಲಿ ಯಾರ ಹೊಲಕ್ಕೆ ಯಾವಾಗ ನೀರು ಎಂಬ ಸರದಿ ನೋಡಿಕೊಳ್ಳುವವಳು. ಇಬ್ಬರೂ ಇಷ್ಟು ದಿನ ಫೋನಿನಲ್ಲಿ ತಮ್ಮ ತಮ್ಮ ಹರಕು ಹಿಂದಿಯಲ್ಲಿ ಮಾತಾಡಿದ್ದರು.

"ನೀವೇನಾ ಇಂಚರಾ ಮೇಡಂ? ಫೋನಲ್ಲಿ ಬಹಳ ವಯಸ್ಸಾದವರ ಹಾಗೆ ಕೇಳಿಸ್ತೀರಿ."

"ಎದುರಿಗೆ?"

ಡೆಚೆನ್ ಅವಳ ಕಣ್ಣಿನ ಕೆಳಗಿನ ಕಪ್ಪು ನೋಡಿ, "ಅಷ್ಟೇನೂ ವ್ಯತ್ಯಾಸ ಇಲ್ಲ," ಎಂದು ಮತ್ತೊಮ್ಮೆ ಸೀನಿದಳು.

ಅವಳು ಬಂದದ್ದು ಹೆಪ್ಪಿಗಾಗಿ.

ಹಿಮನದಿ ಸತ್ತ ಕಣಿವೆಗಳಲ್ಲಿ ಚಳಿಗಾಲದ ಝರಿಯ ನೀರನ್ನು ಕೊಳವೆಯಲ್ಲಿ ಏರಿಸಿ ಕಾರಂಜಿಯ ಹಾಗೆ ಚಿಮ್ಮಿಸುತ್ತಾರೆ. ಬೀಳುವ ನೀರು ಹೆಪ್ಪುಗಟ್ಟಿ ಗುಡ್ಡವಾಗುತ್ತದೆ. ಬಿತ್ತನೆಯ ಹೊತ್ತಿಗೆ ಗುಡ್ಡ ಕರಗಿ ಹೊಲಕ್ಕೆ ನೀರು. ಇದು ಹಳೆಯ ಉಪಾಯ. ಆದರೆ ಈಗ ಚಳಿಗೇ ಬಲ ಇಲ್ಲ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಕಲಿಸುವುದು ಅರ್ಧ ನಿಜ. ಹರಳಾಗಲು ನೀರಿನ ಹನಿಗೆ ಕೂರುವುದಕ್ಕೊಂದು ಜಾಗ ಬೇಕು. ಅದು ಸಿಗದಿದ್ದರೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೂ ನೀರು ನೀರಾಗಿಯೇ ಹರಿದುಹೋಗುತ್ತದೆ. ತಾರ್ಲುಂಗಿನಲ್ಲಿ ಈಗ ಬೀಳುವ ಚಳಿ ಅಷ್ಟೇ.

ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆ ಒಂದು ಪ್ರೋಟೀನು ಇದೆ. ನೀರಿನ ಕಣಗಳು ಅದರ ಮೇಲೆ ಕೂತರೆ ಮಂಜಿನ ಹರಳಿನ ಸಾಲಿನಲ್ಲೇ ಕೂರುತ್ತವೆ. ಆಮೇಲೆ ಪಕ್ಕದವು, ಪಕ್ಕದವುಗಳ ಪಕ್ಕದವು. ಪಂಕ್ತಿಯಲ್ಲಿ ಮೊದಲನೆಯವರು ಕೂತರೆ ಉಳಿದವರೂ ಕೂರುವ ಹಾಗೆ. ಇಂಥ ಬ್ಯಾಕ್ಟೀರಿಯಾ ಹಳೆಯ ಹಿಮದೊಳಗೆ ನಿದ್ದೆ ಹೋಗಿರುತ್ತವೆ. ಅವನ್ನು ಎಬ್ಬಿಸಿ, ಬೆಳೆಸಿ, ಕಾರಂಜಿಯ ನೀರಿಗೆ ಬೆರೆಸಿದರೆ ಸೋತ ಚಳಿಯಲ್ಲೂ ಗುಡ್ಡ ನಿಲ್ಲುತ್ತದೆ. ಯೋಜನೆಗೆ ಉದ್ದನೆಯ ಸರ್ಕಾರಿ ಹೆಸರಿತ್ತು. ಬ್ಯಾಡಗಿಯಲ್ಲಿ ಎಲ್ಲರೂ ಅದನ್ನು ಹೆಪ್ಪು ಎಂದೇ ಕರೆದರು. ಒಂದೇ ಕಟ್ಟುನಿಟ್ಟಿನ ನಿಯಮ: ಯಾವ ಕಣಿವೆಗೂ ಆ ಕಣಿವೆಯ ಹಿಮದಿಂದ ತೆಗೆದ ಹೆಪ್ಪನ್ನೇ ಕೊಡಬೇಕು. ಹೊರಗಿನದು ಕೂಡದು.

"ಹೋದ ವರ್ಷ ಗುಡ್ಡ ನಮ್ಮ ಮೊಣಕಾಲಿಗೂ ಬರಲಿಲ್ಲ," ಡೆಚೆನ್ ಹೇಳಿದಳು. "ಬಿತ್ತಿದ ಬಾರ್ಲಿ ಹಕ್ಕಿಗಾಯ್ತು. ಕೆಳಗೆ ಬಯಲಲ್ಲಿ ಸರ್ಕಾರ ನಮಗೆ ಮನೆ ಕಟ್ಟಿ ಇಟ್ಟಿದೆ. ಈ ಸಲವೂ ನೀರಿಲ್ಲದಿದ್ದರೆ ಊರು ಇಳಿಯೋದು ಅಂತ ಸಭೆಯಲ್ಲಿ ಆಗಿದೆ. ಎಲ್ಲರೂ ಹೂಂ ಅಂದರು. ನಾನೂ ಅಂದೆ."

ತಾರ್ಲುಂಗಿನ ಕಂಬ ಮೊಳದಷ್ಟೂ ಇರಲಿಲ್ಲ. ಅದನ್ನು ತಂದ ಲಾರಿ ದಾರಿಯಲ್ಲೆಲ್ಲೋ ಕೆಟ್ಟು ನಿಂತಾಗ ಒಮ್ಮೆ ಕರಗಿ ಮತ್ತೆ ಗಟ್ಟಿಯಾದದ್ದು, ಬೆಲ್ಲದ ಹಾಗೆ ಮಬ್ಬಾಗಿತ್ತು. ಇಂಚರಾ ಅದನ್ನು ಹೊರಗೆ ತೆಗೆದಾಗ ಡೆಚೆನ್ ಗಾಜಿನಾಚೆಯಿಂದ ನೋಡಿದಳು. ಅವಳ ಅಜ್ಜ ಆ ಹಿಮನದಿಯ ಮೇಲೆ ನಡೆದು ಆಚೆ ಕಣಿವೆಗೆ ಹೆಣ್ಣು ನೋಡಲು ಹೋಗಿದ್ದನಂತೆ.

"ಪೂರ್ತಿ ಬಳಸಬೇಡಿ ಮೇಡಂ. ಒಂದು ತುಂಡು ಉಳಿಸಿ. ಹೆಪ್ಪು ಯಾರಾದರೂ ಪೂರ್ತಿ ಖಾಲಿ ಮಾಡ್ತಾರಾ?"

ಇಂಚರಾ ಒಂದು ಹಿಡಿಯಷ್ಟು ಕತ್ತರಿಸಿ ಕೊಳವೆಗೆ ವಾಪಸು ಹಾಕಿದಳು.

*

ಹೊಸ ಕಾಯಿ ಬರಲು ಶುರುವಾಗಿತ್ತು. ಋತುಗಳು ಹಿಂದೆಮುಂದೆಯಾದ ಮೇಲೆ ಅದಕ್ಕೂ ಒಂದು ಕಾಲ ಅಂತಿಲ್ಲ. ಊರಿನ ಲಾಡ್ಜುಗಳಲ್ಲೆಲ್ಲ ಖರೀದಿದಾರರು. ಹಾಗಾಗಿ ಡೆಚೆನ್ ಇಂಚರಾಳ ಮನೆಯಲ್ಲೇ ಉಳಿದಳು.

ಆ ಮನೆಯ ಪಡಸಾಲೆಯಲ್ಲಿ ಈ ಕಾಲದಲ್ಲಿ ನಡೆಯಲು ಜಾಗ ಇರುವುದಿಲ್ಲ. ನಡುವೆ ಮೆಣಸಿನಕಾಯಿ ರಾಶಿ, ಸುತ್ತ ತೊಟ್ಟು ಬಿಡಿಸುವ ಹೆಂಗಸರು. ಯಾವ ಯಂತ್ರ ಬಂದರೂ ಕಾಯಿ ಮುರಿಯದೆ ತೊಟ್ಟು ತೆಗೆಯುವುದು ಕೈಗೇ ಉಳಿದಿತ್ತು. ಮನೆಗೆ ಬಂದವರು ಮಾತಾಡುತ್ತ ಕೂತರೆ ಕೈ ತಾನಾಗಿ ರಾಶಿಗೆ ಹೋಗುತ್ತದೆ. ಇಂಚರಾಳದೂ ಅಷ್ಟೇ. ಕೆಲಸದಿಂದ ಬಂದವಳು ಸ್ವೆಟರನ್ನೂ ಬಿಚ್ಚದೆ ರಾಶಿಯ ಪಕ್ಕ ಕೂತು, ಮಗಳ ಪಾಠ ಕೇಳುತ್ತ, ಅತ್ತೆಗೆ ಉತ್ತರ ಕೊಡುತ್ತ, ಟಕ್ ಟಕ್ ಎಂದು ತೊಟ್ಟು ಮುರಿಯುವಳು. ಅತ್ತೆ ಹೆಣೆದ ಆ ಕಂದು ಸ್ವೆಟರು ಏಳನೆಯ ಕೋಣೆಯ ಚಳಿಗೆಂದೇ ಆದದ್ದು. ಲ್ಯಾಬಿನಲ್ಲಿ ಅದರ ಮೇಲೆಯೇ ಬಿಳಿ ಕೋಟು ಹಾಕಿಕೊಳ್ಳುತ್ತಿದ್ದಳು. ಕೋಟು, ಕೈಗವಸು, ಮುಖಗವಸಿನ ಬಗ್ಗೆ ನಿಯಮವಿತ್ತು. ಸ್ವೆಟರಿನ ಬಗ್ಗೆ ಇರಲಿಲ್ಲ. ನಿಯಮ ಬರೆದವರು ಬೆಚ್ಚಗೆ ಕೂತು ಬರೆದಿದ್ದರು.

ಸವಿತಾ ಮತ್ತು ಡೆಚೆನ್ ನಡುವೆ ಒಂದೂ ಸಮಾನ ಭಾಷೆಯಿರಲಿಲ್ಲ. ಮೊದಲ ಸಂಜೆಯೇ ಇಬ್ಬರೂ ಹರಟೆ ಹೊಡೆಯುತ್ತಿದ್ದರು.

"ಇಕಿ ಚಲೋ ಬಿಡಸ್ತಾಳ ನೋಡ ಇಂಚರಾ. ನಿನ್ನಂಗ ಅರ್ಧಾ ಕಾಯಿ ಮುರಿಯೂದಿಲ್ಲ."

"ಅಕಿನ್ನ ಇಟ್ಟಕೋರಿ ಅತ್ತಿ. ನಾ ತಾರ್ಲುಂಗಿಗೆ ಹೋಗ್ತೀನಿ."

"ಹೋಗು. ಅಲ್ಲೆ ಸೊಸಿಗೆ ಯಾರು ಚಾ ಮಾಡಿ ಕೊಡತಾರ ನೋಡೂಣು."

ರಾತ್ರಿಯೂಟಕ್ಕೆ ಮುಂಚೆ ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಹೆಪ್ಪಿನ ಬಟ್ಟಲಾ ಯಾರು ತೊಳದಿಟ್ಟಾರ?"

ಧಾತ್ರಿ ತಾಯಿಯ ಬೆನ್ನ ಹಿಂದೆ ಬಂದು ನಿಂತು ಅಜ್ಜಿಗೆ ಹೇಳಿದಳು. "ಆಯೀ, ಹಸಿವಾಗಿತ್ತ. ರೊಟ್ಟಿಗೆ ಹಚಗೊಂಡ್ ತಿಂದೆ. ಬಟ್ಟಲಾ ನಾನ ತೊಳದೇನಿ."

"ಭಾಳ ಉಪಕಾರ ಆತವಾ! ಬಟ್ಟಲಾ ತೊಳದದ್ದಕ್ಕ ಶಾಬಾಸ್ ಅನ್ನೂದೋ, ಹೆಪ್ಪು ಮುಗಿಸಿದ್ದಕ್ಕ ಬೆನ್ನಿಗೆ ಎರಡು ಕೊಡೂದೋ? ಎಲ್ಲಾ ತಿನ್ನೂದೇನ? ಒಂದು ಚೂರು ಉಳಸಬೇಕು."

"ಬಾಜೂ ಮನ್ಯಾಗ ಇಸಗೊಂಡ್ ಬರಲೇನ?" ಇಂಚರಾ ಕೇಳಿದಳು.

"ದೀಪಾ ಹಚ್ಚಿದ ಮ್ಯಾಲೆ ಯಾರ ಹೆಪ್ಪು ಕೊಡತಾರ?" ಎನ್ನುತ್ತ ಸವಿತಾ ಪಡಸಾಲೆಗೆ ಬಂದು ರಾಶಿಯ ಬದಿಯಿಂದ ನಾಲ್ಕು ಹಸಿರು ತೊಟ್ಟು ಆಯ್ದು, ಊದಿ, ಉಗುರುಬೆಚ್ಚಗಿನ ಹಾಲಿಗೆ ಹಾಕಿ ಮುಚ್ಚಿದಳು.

ಡೆಚೆನ್ ಗಾಬರಿಯಾದಳು. "ಅಮ್ಮ ಹಾಲಿಗೆ ಮೆಣಸಿನಕಾಯಿ ಹಾಕಿದರು!"

"ತೊಟ್ಟು ಅಷ್ಟೇ. ಅದರ ಮೇಲೆ ಹಾಲು ಒಡೆಯದೆ ಗಟ್ಟಿಯಾಗೋ ಹಾಗೆ ಮಾಡೋ ಜೀವಿಗಳಿರ್ತವೆ. ಹೆಪ್ಪು ಇಲ್ಲದ ದಿನ ಹೀಗೇ."

ಮರುದಿನ ಮೊಸರು ಕೊಯ್ದರೆ ಹೋಳಾಗುವಂತೆ ನಿಂತಿತ್ತು. ಡೆಚೆನ್ ಒಂದು ಬೆರಳು ಅದ್ದಿ, ಕಣ್ಣು ಮುಚ್ಚಿ, ನಾಲಿಗೆಗೆ ಇಟ್ಟಳು. "ಖಾರ ಇಲ್ಲ!" ಎಂದು ಹಿಂದಿಯಲ್ಲಿ ಕೂಗಿದಳು. ಸವಿತಾಗೆ ಅರ್ಥವಾಯಿತು. ಅವಳು ನಕ್ಕು ನಕ್ಕು ಕೆಮ್ಮಿದಳು.

*

ಲ್ಯಾಬಿನಲ್ಲಿ ನಗುವಂಥದ್ದೇನೂ ಆಗಲಿಲ್ಲ. ಕರಗಿದ ಹಿಮದ ನೀರನ್ನು ಹತ್ತಾರು ಗಾಜಿನ ತಟ್ಟೆಗಳಲ್ಲಿ ಹರಡಿ ಕಾದರೂ ಒಂದರಲ್ಲೂ ಏನೂ ಚಿಗುರಲಿಲ್ಲ. ಇಂಚರಾ ದಿನಾ ಬೆಳಿಗ್ಗೆ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ ಒಳಗಿಡುವಳು. ಗಾಜಿನಾಚೆ ಡೆಚೆನ್ ಏನನ್ನೂ ಕೇಳುತ್ತಿರಲಿಲ್ಲ. ಅದು ಇನ್ನೂ ಕಷ್ಟ. ನಡುವೆ ಧಾತ್ರಿಗೆ ಜ್ವರ ಬಂತು. ಶಾಲೆಯಿಂದ ಫೋನು, ಆಸ್ಪತ್ರೆ, ಮತ್ತೆ ಲ್ಯಾಬು. ತಟ್ಟೆ ತೆರೆದು ಮುಚ್ಚುವಾಗಲೂ ಮಗಳ ಬಿಸಿ ಹಣೆ ಅವಳ ಅಂಗೈಯಲ್ಲೇ ಇತ್ತು.

ಆಮೇಲೆ ಒಂದು ದಿನ, ಒಂದು ತಟ್ಟೆಯ ಅಂಚಿನಲ್ಲಿ ಕೆನೆಬಣ್ಣದ ಚುಕ್ಕೆಗಳು.

ಅವನ್ನು ತೆಗೆದು ಬೆಳೆಸಿ, ಆ ನೀರಿನ ಹನಿಗಳನ್ನು ತಣ್ಣನೆಯ ತಗಡಿನ ಮೇಲೆ ಸಾಲಾಗಿ ಬಿಟ್ಟಳು. ಪಕ್ಕದಲ್ಲಿ ಶುದ್ಧ ನೀರಿನ ಸಾಲು. ತಗಡು ನಿಧಾನ ತಣ್ಣಗಾಯಿತು. ಸೊನ್ನೆ ದಾಟಿತು. ಒಂದು ಡಿಗ್ರಿ. ಎರಡಕ್ಕೆ ಬರುತ್ತಲೇ ಮೇಲಿನ ಸಾಲಿನ ಹನಿಗಳು, ಯಾರೋ ಒಂದೊಂದಾಗಿ ಕಣ್ಣು ಮುಚ್ಚಿದ ಹಾಗೆ, ಬೆಳ್ಳಗಾಗುತ್ತ ಹೋದವು. ಕೆಳಗಿನ ಸಾಲು ನೀರಾಗಿಯೇ ಹೊಳೆಯುತ್ತಿತ್ತು.

ಡೆಚೆನ್ ಗಾಜಿಗೆ ಹಣೆ ಒತ್ತಿ ನಿಂತಳು. ಗಾಜು ಮಂಜಾಯಿತು.

ಅವಳು ಹೊರಟ ಲಾರಿಯ ವೇಳೆ ಮುಸ್ಸಂಜೆಯದು. ಹೆಪ್ಪಿನ ಸೀಸೆಗಳನ್ನು ನೀಲಿ ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೇಳಿಹೋಗಲು ಬಂದಾಗ ಸವಿತಾ ಅಷ್ಟರಲ್ಲೇ ದೀಪ ಹಚ್ಚಿದ್ದಳು.

"ಈಗ ಹೆಪ್ಪು ಹೊರಗ ಹೋಗಬಾರ್ದು."

"ಅತ್ತಿ, ಅದು ಲ್ಯಾಬಿನ ಹೆಪ್ಪು. ಲಾರಿ ನಿಂದರೂದಿಲ್ಲ."

"ಹೆಪ್ಪು ಹೆಪ್ಪ. ಬದಲಿಗೆ ಏನರ ಇಟ್ಟು ಹೋಗು ಅನ್ನ ಅಕಿಗೆ. ಮನಿ ಬರಿದಾಗಬಾರ್ದು."

ಡೆಚೆನ್ ಚೀಲ ತಡಕಾಡಿ ಒಂದು ಹಿಡಿ ಹುರಿದ ಬಾರ್ಲಿ ತೆಗೆದು ಸವಿತಾಳ ಅಂಗೈಗೆ ಸುರಿದಳು. ನಮ್ಮಲ್ಲೂ ಇದೆ ಇದು ಎಂದಳು. ಹೆಪ್ಪು ತಂದ ಪಾತ್ರೆಯನ್ನು ಬರಿದು ಮಾಡಿ ಮರಳಿಸುವುದಿಲ್ಲ. ಈ ಪೆಟ್ಟಿಗೆಯಲ್ಲೂ ಏನಾದರೂ ಹಾಕಿ ನಿಮಗೆ ಕಳಿಸುತ್ತೇನೆ, ಎಂದಳು.

*

ಗುಡ್ಡ ಎದ್ದಿತು.

ಲ್ಯಾಬಿನ ಪರದೆಯ ಮೇಲೆ ತಾರ್ಲುಂಗಿನ ಚಿತ್ರ ದಿನಾ ಬರುತ್ತಿತ್ತು. ಮೊದಲು ಕೊಳವೆಯ ಸುತ್ತ ಬಿಳಿ ಗಡ್ಡದಂಥದ್ದು. ಆಮೇಲೆ ಹುಲ್ಲಿನ ಬಣವೆಯಷ್ಟು. ಸಂಕ್ರಾಂತಿಯ ಹೊತ್ತಿಗೆ ಊರಿನ ಗೊಂಪದ, ಅಂದರೆ ಬೌದ್ಧ ಮಠದ, ಗೋಡೆಗಿಂತ ಎತ್ತರ. ಮಕ್ಕಳು ಅದರ ಮೇಲೆ ಗೋಣಿತಟ್ಟು ಹಾಕಿಕೊಂಡು ಜಾರುತ್ತಿದ್ದರು. ಮುದುಕಿಯರು ಬಿಳಿ ರೇಷ್ಮೆಯ ಶಾಲುಗಳನ್ನು ತಂದು ಅದಕ್ಕೆ ಸುತ್ತಿದರು. ಹಿಮನದಿ ವಾಪಸು ಬಂತು, ಅಜ್ಜಂದಿರು ನಡೆದದ್ದೇ ಇದರ ಮೇಲೆ, ಎಂದರಂತೆ. ಬೆಂಗಳೂರಿನಿಂದ ಯೋಜನೆಯ ಮುಖ್ಯಸ್ಥ ಡಾ. ನಿಹಾರ ಶೆಣೈ ಪರದೆಯ ಮೇಲೆ ಬಂದು, "ಇಂಚರಾ, ನಾನು ನಿಮ್ಮ ತಾರ್ಲುಂಗ್ ತೋರಿಸಿಯೇ ಮುಂದಿನ ವರ್ಷದ ಮಂಜೂರಾತಿ ತಗೊಳ್ಳೋದು. ಸ್ವಲ್ಪ ನಗಿ ಮಾರಾಯ್ರೆ," ಎಂದರು. ಅವರ ಕಣ್ಣ ಕೆಳಗೂ ಕಪ್ಪಿತ್ತು.

ಯುಗಾದಿ ಕಳೆದ ಮೇಲೆ ಇನ್ನೆರಡು ಕಣಿವೆಗಳ ಹಿಮ ಬಂತು. ಒಂದು ನೇಪಾಳದ ಅಂಚಿನದು, ಇನ್ನೊಂದು ಸಿಕ್ಕಿಮಿನದು. ಎರಡರ ತಟ್ಟೆಗಳಲ್ಲೂ ಕೆನೆಬಣ್ಣದ ಚುಕ್ಕೆ ಮೂಡಿತು. ಇಂಚರಾ ಅವನ್ನು ನೇರಳೆ ದೀಪದ ಕೆಳಗಿಟ್ಟಳು. ಎರಡೂ ಹಸಿರಾಗಿ ಮಿನುಗಿದವು. ಸುಮ್ಮನೆ ತಾರ್ಲುಂಗಿನ ತಟ್ಟೆಯನ್ನೂ ಪಕ್ಕಕ್ಕಿಟ್ಟಳು. ಅದೂ ಹಸಿರೇ. ಅದೇ ಹಸಿರು, ಅದೇ ಅಂಚು.

ಎಲ್ಲಿಯ ಸಿಕ್ಕಿಂ, ಎಲ್ಲಿಯ ಝಂಸ್ಕಾರ. ಮೂರು ಮನೆಯಲ್ಲಿ ಒಂದೇ ಮುಖದ ಕೂಸು ಹುಟ್ಟುವುದುಂಟೆ? ಅವಳು ದೀಪ ಆರಿಸಿ ಮನೆಗೆ ನಡೆದಳು. ಆ ಹೊತ್ತಿಗೆ ಅದಕ್ಕಿಂತ ಮುಂದೆ ಯೋಚಿಸುವ ಶಕ್ತಿ ಇರಲಿಲ್ಲ.

ಮನೆಯಲ್ಲಿ ಮತ್ತೆ ಹೆಪ್ಪು ಮುಗಿದಿತ್ತು. ಈ ಸಲ ಬೆಕ್ಕಿನ ಪಾಲಾಗಿತ್ತು. ಸವಿತಾ ಗೊಣಗುತ್ತ ತೊಟ್ಟು ಆಯ್ದು ಹಾಲಿಗೆ ಹಾಕುವುದನ್ನು ಇಂಚರಾ ರಾಶಿಯ ಪಕ್ಕದಿಂದ ನೋಡಿದಳು. ಅವಳ ಕೈ ತನ್ನಷ್ಟಕ್ಕೆ ಟಕ್ ಟಕ್ ಎನ್ನುತ್ತಿತ್ತು. ಕೈ ನಿಂತಿತು. ಸ್ವೆಟರಿನ ತೋಳು ಮೂಗಿನ ಹತ್ತಿರ ತಂದು ನೋಡಿದಳು. ಹೆಣಿಗೆಯ ಸಂದುಗಳಲ್ಲಿ ತೊಟ್ಟಿನ ಪುಡಿ, ನಸುಹಳದಿ, ಹಿಟ್ಟಿನಷ್ಟು ನುಣ್ಣಗೆ.

"ಯಾಕಬೇ, ಏನಾತು?" ಸವಿತಾ ಕೇಳಿದಳು.

"ಏನಿಲ್ಲರಿ ಅತ್ತಿ."

ಮರುದಿನ ಲ್ಯಾಬಿನಲ್ಲಿ ಸ್ವೆಟರಿನ ತೋಳನ್ನು ಶುದ್ಧ ನೀರಿನಲ್ಲಿ ಅದ್ದಿ ಹಿಂಡಿ, ಆ ನೀರಿನ ಹನಿಗಳನ್ನು ತಗಡಿನ ಮೇಲೆ ಬಿಟ್ಟಳು. ಸೊನ್ನೆಗಿಂತ ಎರಡು ಡಿಗ್ರಿ ಕೆಳಕ್ಕೆ ಬರುತ್ತಲೇ ಹನಿಗಳು ಒಂದೊಂದಾಗಿ ಬೆಳ್ಳಗಾದವು.

ಆಮೇಲೆ ಒಗೆದು ಕುದಿಸಿದ ಬಟ್ಟೆ ಹಾಕಿಕೊಂಡು, ತಾರ್ಲುಂಗಿನ ಕಂಬದಲ್ಲಿ ಉಳಿಸಿದ್ದ ಹಿಡಿ ತುಂಡಿನಿಂದ ಅರ್ಧ ಕರಗಿಸಿ ಮತ್ತೆ ತಟ್ಟೆಗಳಲ್ಲಿ ಹರಡಿದಳು. ವಾರವಿಡೀ ಕಾದಳು. ತಟ್ಟೆಗಳು ತೊಳೆದಿಟ್ಟಂತೆ ಖಾಲಿ ಇದ್ದವು. ಆ ಹಿಮದಲ್ಲಿ ಜೀವ ಇರಲಿಲ್ಲ. ಲಾರಿ ಕೆಟ್ಟು ನಿಂತ ದಿನವೇ ಹೋಗಿದ್ದಿರಬೇಕು.

ರಾಜೇಸಾಬ ಬಾಗಿಲಲ್ಲಿ ಇಣುಕಿದ. "ಏನ್ರಿ ಅಕ್ಕಾರ, ಹೆಣದ ಮುಂದ ಕುಂತಂಗ ಕುಂತೀರಿ?"

"ಕಾಕಾ, ತಾರ್ಲುಂಗಿನ್ಯಾಗ ಎದ್ದು ನಿಂತಿದ್ದು ಹಿಮಾಲಯ ಅಲ್ಲ. ನಮ್ಮ ಬ್ಯಾಡಗಿ ಕಾಯಿ ತೊಟ್ಟು."

ರಾಜೇಸಾಬ ಬಾಗಿಲಿಗೊರಗಿದ. "ಹಂಗಾರ ದಲಾಲರು ಇನ್ನೂ ಕಮಿಷನ್ ಕೇಳಿಲ್ಲ ಅಂದ್ರ ಅವ್ರಿಗೆ ಸುದ್ದಿ ಮುಟ್ಟಿಲ್ಲ." ಅವಳು ನಗಲಿಲ್ಲ. ಅವನು ಒಳಗೆ ಬಂದು ಸ್ಟೂಲಿನ ಮೇಲೆ ಕೂತ. "ಗುಡ್ಡ ನಿಂತೈತಿಲ್ಲರಿ? ಮತ್ತೇನು ತ್ರಾಸು?"

ತ್ರಾಸಿತ್ತು. ಆ ಜೀವಿ ಗಿಡದ ಮೇಲೆ ಬದುಕುವಂಥದ್ದು, ಮತ್ತು ನೀರನ್ನು ಹೆಪ್ಪುಗಟ್ಟಿಸುವ ವಿದ್ಯೆ ಅದಕ್ಕೆ ಬಂದದ್ದೇ ಗಿಡವನ್ನು ತಿನ್ನುವುದಕ್ಕೆ. ಎಲೆಯ ಮೇಲಿನ ಇಬ್ಬನಿಯನ್ನು ಬೇಗ ಮಂಜಾಗಿಸಿ, ಎಲೆಯ ಚರ್ಮ ಹರಿದು, ಒಳಗಿನ ರಸ ಹೀರುತ್ತದೆ. ತಾರ್ಲುಂಗಿನ ಬಾರ್ಲಿ ಸಸಿ ಸಾಮಾನ್ಯ ಚಳಿಗೆ ಹೆದರುವುದಲ್ಲ. ಆದರೆ ಈ ಗುಡ್ಡದ ನೀರು ಬಿದ್ದ ಸಸಿ, ತಡೆಯಬಹುದಾಗಿದ್ದ ಚಳಿಗೂ ಸುಟ್ಟಂತೆ ಕಪ್ಪಾಗಬಹುದು. ಗುಡ್ಡವನ್ನು ನಿಲ್ಲಿಸಿದ್ದು ಯಾವುದೋ ಅದೇ ಪೈರನ್ನು ಮಲಗಿಸಬಹುದು. ಬಿತ್ತನೆ ಇನ್ನೇನು ಶುರುವಾಗುವುದರಲ್ಲಿತ್ತು.

ಶೆಣೈ ಪರದೆಯ ಮೇಲೆ ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು. "ಹೊರಗಿನ ಜೀವಿ ಅಂತಾದ್ರೆ ಆ ಗುಡ್ಡದ ನೀರು ಹೊಲಕ್ಕೆ ಬಿಡೋ ಹಾಗಿಲ್ಲ. ಕಾಲುವೆಯ ಬಾಗಿಲು ಮುಚ್ಚಿಸ್ಬೇಕು. ಗೊತ್ತುಂಟಲ್ಲ?"

"ಗೊತ್ತು ಸರ್."

"ನೀವು ಹೇಳದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

"ಅದೂ ಗೊತ್ತು. ಮಂಜು ಬಿದ್ದು ಪೈರು ಹೋದರೆ ಯಾಕೆ ಅಂತ ಅವರಿಗೆ ಗೊತ್ತಾಗೋದಿಲ್ಲ. ನನಗೆ ಗೊತ್ತಿರ್ತದೆ."

ಶೆಣೈ ಕನ್ನಡಕ ಮತ್ತೆ ಹಾಕಿಕೊಂಡರು. "ನಾನು ಇವತ್ತೇ ಮೇಲೆ ಬರೀತೇನೆ. ಮುಚ್ಚಿಡೋ ವಯಸ್ಸಲ್ಲ ನಂದು. ಆದ್ರೆ ನಮ್ಮಲ್ಲಿ ಆದೇಶ ಬೆಟ್ಟ ಹತ್ತೋ ಹೊತ್ತಿಗೆ ನೀರು ಬೆಟ್ಟ ಇಳಿದಿರ್ತದೆ. ಆ ಊರಿನವರಿಗೆ ನೀವೇ ಹೇಳಿ. ಇವತ್ತೇ."

*

ಡೆಚೆನ್ ಫೋನು ಎತ್ತಿದ್ದು ಹೊಲದಲ್ಲಿ. ಹಿಂದೆ ಯಾರೋ ಉಳುವ ಪ್ರಾಣಿಗೆ ಹಾಡು ಹೇಳುತ್ತಿದ್ದರು. ಇಂಚರಾ ಮನೆಯ ಪಡಸಾಲೆಯಲ್ಲಿ ನಿಂತೇ ಎಲ್ಲ ಹೇಳಿದಳು. ಸ್ವೆಟರು, ತೊಟ್ಟು, ಖಾಲಿ ತಟ್ಟೆಗಳು, ಎಲೆಯ ಮೇಲಿನ ಮಂಜು. ಹಿಂದಿ ಸಾಲದಾದಾಗ ಕನ್ನಡದಲ್ಲೇ ಹೇಳಿ, ಮತ್ತೆ ಹಿಂದಿಗೆ ಬಂದಳು.

ಆ ಕಡೆ ಹಾಡು ದೂರವಾಯಿತು; ಡೆಚೆನ್ ಹೊಲದಂಚಿಗೆ ನಡೆದಿದ್ದಳು.

"ನಮ್ಮ ಅತ್ತೆ ದಿನಾ ಆ ಗುಡ್ಡಕ್ಕೆ ಅಡ್ಡ ಬೀಳ್ತಾರೆ," ಅವಳು ಹೇಳಿದಳು. "ಗಂಡ ತೀರಿಕೊಂಡ ಮೇಲೆ ಮೊದಲ ಸಲ ನಕ್ಕಿದ್ದು ಅದರ ಎದುರು. ಈಗ ನಾನು ಹೋಗಿ ಏನು ಹೇಳಲಿ? ಅದು ನಿಮ್ಮ ಹಿಮನದಿ ಅಲ್ಲ, ಮೆಣಸಿನಕಾಯಿ ಅಂತ ಹೇಳಲಾ?"

"ತಪ್ಪು ನನ್ನದು."

"ನಿಮ್ಮದೇ. ಬೇರೆ ಯಾರದು?" ಡೆಚೆನ್ ದನಿ ಏರಿಸಿದಳು. "ಇಷ್ಟು ಓದಿ, ಅಂಗಿ ಬದಲಾಯಿಸೋಕಾಗಲಿಲ್ವಾ ಮೇಡಂ?"

ಹಾಗೆ ನೋಡಿದರೆ ಇಂಚರಾಳ ಬಳಿ ಉತ್ತರ ಇತ್ತು. ಆ ದಿನಗಳಲ್ಲಿ ಅವಳಿಗೆ ತಲೆ ಬಾಚಿಕೊಳ್ಳಲೂ ಆಗಿರಲಿಲ್ಲ. ಆದರೆ ಅದು ಡೆಚೆನ್‌ಗೆ ಹೇಳುವ ಮಾತಲ್ಲ.

"ಉಳಿಸಿದ ತುಂಡು?"

"ಅದರಲ್ಲೂ ಏನೂ ಇಲ್ಲ. ಇನ್ನೂ ಒಂಚೂರು ಇದೆ. ಕೊಳವೆಯಲ್ಲೇ ಇಟ್ಟಿದ್ದೀನಿ."

ಮೂಗು ಒರೆಸಿಕೊಂಡ ಸದ್ದು. ಆಮೇಲೆ ಬೇರೆಯೇ ದನಿ, ನೀರಿನ ಸರದಿ ಹಂಚುವವಳ ದನಿ. "ಸರಿ. ಆ ಜೀವಿ ಯಾತಕ್ಕೆ ಸಾಯ್ತದೆ?"

"ಬಿಸಿಲಿಗೆ. ನಿಮ್ಮಲ್ಲಿ ಬಿಸಿಲು ಉಗ್ರ. ನೀರನ್ನು ನೇರ ಹೊಲಕ್ಕೆ ಬಿಡದೆ, ತೆಳ್ಳಗೆ ಹರಡಿ ಹಗಲೆಲ್ಲ ಬಿಸಿಲಿಗೆ ನಿಲ್ಲಿಸಿದರೆ ಬಹುಪಾಲು ಸಾಯ್ತವೆ. ಎಲ್ಲ ಅಲ್ಲ."

"ಎಲ್ಲ ಸಾಯೋದು ಯಾವುದು ಮೇಡಂ? ಕೆಳಗಿನ ಕೆರೆ ಖಾಲಿ ಬಿದ್ದಿದೆ, ಅಗಲ ಇದೆ. ಅಲ್ಲಿ ನಿಲ್ಲಿಸಬಹುದು. ನೀರು ಕಾಲುವೆಯಲ್ಲಿ ಹೋಗಲಿ, ಎಲೆ ಮೇಲೆ ಚಿಮ್ಮದ ಹಾಗೆ ನೋಡ್ಕೋತೀವಿ. ಮಂಜು ಬೀಳೋ ಸೂಚನೆ ಇದ್ದರೆ ಸಗಣಿಯ ಹೊಗೆ ಹಾಕ್ತೀವಿ. ಅದು ಅಜ್ಜಿಯರ ಕಾಲದಿಂದ ಇದೆ. ಮಂಜಿಗೆ ಮದ್ದಿದೆ. ನೀರೇ ಇಲ್ಲ ಅನ್ನೋದಕ್ಕೆ ಮದ್ದಿಲ್ಲ."

"ಬಾಗಿಲು ಮುಚ್ಚಿ ಅಂತ ಆದೇಶ ಬರ್ತದೆ."

"ಬಂದಾಗ ನೋಡೋಣ. ಇವತ್ತು ಸಭೆ ಕರೀತೀನಿ. ಎಲ್ಲ ಹೇಳ್ತೀನಿ. ಬೇಡ ಅಂದರೆ ಬೇಡ." ಆಮೇಲೆ ಕೇಳಿದಳು. "ಅವತ್ತು ಅಮ್ಮ ತೊಟ್ಟು ಹಾಕಿದ್ದರಲ್ಲ, ಆ ಹಾಲು ಎಲ್ಲಿಯದು?"

"ನಮ್ಮ ಎಮ್ಮೆಯದು."

"ಮೊಸರು ಯಾರದು ಅಂತೀರಿ? ಎಮ್ಮೆಯದೋ, ತೊಟ್ಟಿನದೋ?"

ಇಂಚರಾ ಏನೋ ಹೇಳಲು ಹೋದಳು. ಡೆಚೆನ್ ಕಾಯಲಿಲ್ಲ. "ಹಾಗಂತ ನಮ್ಮ ಅತ್ತೆಗೆ ಹೇಳಿ ನೋಡ್ತೀನಿ. ಒಪ್ಪೋದಿಲ್ಲ ಅವರು. ನನಗೇ ಇನ್ನೂ ಒಪ್ಪಿಗೆ ಆಗಿಲ್ಲ." ಫೋನು ಇಟ್ಟಳು.

*

ಮಳೆ ಬರಬೇಕಾದ ಕಾಲದಲ್ಲಿ ಬರಲಿಲ್ಲ, ಕಾಯಿಯ ಕಾಲ ಮುಗಿಯಿತು, ಪಡಸಾಲೆಯಲ್ಲಿ ನಡೆಯಲು ಜಾಗವಾಯಿತು. ಲ್ಯಾಬಿನ ಬಾಗಿಲಲ್ಲಿ ಹೊಸ ನಿಯಮ ಅಂಟಿಸಿದ್ದರು. ಅದರಲ್ಲಿ ಸ್ವೆಟರಿನ ಹೆಸರಿತ್ತು. ಸಿಕ್ಕಿಮಿನ ಮತ್ತು ನೇಪಾಳದಂಚಿನ ಹಿಮವನ್ನು ಇಂಚರಾ ಮತ್ತೆ ಮೊದಲಿನಿಂದ ಹರಡಿದಳು. ಒಂದರಲ್ಲಿ ನಿಜವಾದದ್ದೇ ಏನೋ ಚಿಗುರಿತು, ಬಹಳ ನಿಧಾನ. ಇನ್ನೊಂದರಲ್ಲಿ ಏನೂ ಇಲ್ಲ.

ಒಂದು ಸಂಜೆ ವಿನೀತನ ಲಾರಿ ಬಂತು. ಬಡಗಣ ದೇಶದ ಇನ್ನೊಂದು ತಣ್ಣನೆ ಲಾರಿಯವನು ಹುಬ್ಬಳ್ಳಿಯಲ್ಲಿ ಕೈಗೆ ದಾಟಿಸಿದ್ದ ನೀಲಿ ಪೆಟ್ಟಿಗೆ ಅದರಲ್ಲಿತ್ತು. ಸವಿತಾ, ಧಾತ್ರಿ, ಇಂಚರಾ ಮೂವರೂ ಕಟ್ಟೆಯ ಮೇಲೆ ಪೆಟ್ಟಿಗೆ ಸುತ್ತ ಕೂತರು. ಇಂಚರಾ ಡೆಚೆನ್‌ಗೆ ಫೋನು ಹಚ್ಚಿ, ದನಿ ದೊಡ್ಡದು ಮಾಡಿ ಪಕ್ಕದಲ್ಲಿಟ್ಟಳು.

"ಬಂತಾ? ಬರಿದು ಕಳಿಸಲ್ಲ ಅಂದಿದ್ದೆ. ಗುಡ್ಡ ಪೂರ್ತಿ ಕರಗೋ ಮುಂಚೆ ಒಂದು ತುಂಡು ಎತ್ತಿಟ್ಟಿದ್ದೆ."

ಒಳಗೆ ಒಣಹುಲ್ಲು. ಹುಲ್ಲಿನ ನಡುವೆ ಎರಡು ಹಿಡಿಯಷ್ಟು ಮಂಜುಗಡ್ಡೆ, ಅಂಚು ಕರಗಿ ಜಿನುಗುತ್ತಿತ್ತು. ಪಕ್ಕದಲ್ಲಿ ಒಂದು ಹಿಡಿ ಹಸಿರು ಬಾರ್ಲಿ ತೆನೆ, ಇನ್ನೂ ಹಾಲು ತುಂಬದ್ದು.

"ಕೆಳಗಿನ ಹೊಲಗಳು ಹೋದವು," ಡೆಚೆನ್ ಹೇಳುತ್ತಿದ್ದಳು. "ಮಂಜು ಬಿತ್ತು. ಹೊಗೆ ಹಾಕಿದೆವು, ಗಾಳಿ ತಿರುಗಿತು. ಕಪ್ಪಾಗಿ ಬಿದ್ದವು. ಎರಡು ಮನೆಯವರು ಗಂಟು ಕಟ್ಟಿಕೊಂಡು ಬಯಲಿಗೆ ಹೋದರು. ನಿಮಗೆ ಬೈದೇ ಹೋದರು. ಮೇಲಿನ ಹೊಲ ನಿಂತಿದೆ. ಉಳಿದವರು ಈ ವರ್ಷ ಇರ್ತೀವಿ."

"ಬರೋ ವರ್ಷ?"

"ಬರೋ ವರ್ಷ ಬರಲಿ. ಬಾಗಿಲು ಮುಚ್ಚಿ ಅಂತ ನಿಮ್ಮ ಆದೇಶ ನಿನ್ನೆ ಬಂತು. ಮುಚ್ಚಿದೆವು. ಒಳಗೆ ನೀರಿರಲಿಲ್ಲ."

"ನಿಮ್ಮ ಅತ್ತೆ?"

"ಅಡ್ಡ ಬೀಳೋದು ಬಿಡಲಿಲ್ಲ. ಸಾಕು ಮಗಳಾದರೂ ಮಗಳೇ ಅಂದರು. ಆಮೇಲೆ ನಿಮ್ಮ ಮೆಣಸಿನಕಾಯಿ ಒಂದು ಕಳಿಸು ಅಂದರು, ಮುಖ ನೋಡಬೇಕಂತೆ."

ಇಂಚರಾ ಎಷ್ಟೋ ದಿನದ ಮೇಲೆ ನಕ್ಕಳು. ನಗು ಮುಗಿಯುತ್ತಲೇ ದಣಿವು ವಾಪಸು ಬಂತು, ಎಲ್ಲೂ ಹೋಗದೆ ಬಾಗಿಲಲ್ಲೇ ಕಾದಿತ್ತೆಂಬಂತೆ. ಮಂಜನ್ನು ಏಳನೆಯ ಕೋಣೆಗೆ ಸೇರಿಸಬೇಕು, ತಾರ್ಲುಂಗಿನ ಕಂಬದಲ್ಲಿ ಉಳಿದ ಆ ಒಂಚೂರಿನ ಪಕ್ಕದಲ್ಲೇ. ಯಾವ ಹೆಸರಿನಲ್ಲಿ ಸೇರಿಸುವುದು ಎಂದು ಆಮೇಲೆ ಯೋಚಿಸಬೇಕು. ಏಳಬೇಕು. ಅವಳು ಏಳಲಿಲ್ಲ. ಕಂಬಕ್ಕೊರಗಿ ಸ್ವಲ್ಪ ಹೊತ್ತು ಕೂತಳು.

ಅಷ್ಟರಲ್ಲಿ ಧಾತ್ರಿ ಕರಗುತ್ತಿದ್ದ ಅಂಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಿದ್ದಳು. ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಅತ್ತಿತ್ತ ಉರುಳಿಸಿ, ತೀರ್ಪು ಕೊಡುವವಳಂತೆ ತಲೆಯಾಡಿಸಿದಳು.

"ಖಾರ ಇಲ್ಲ ಆಯೀ."

ಇನ್ನೊಂದು ಚೂರಿಗೆ ಅವಳ ಕೈ ಹೋಯಿತು. ಸವಿತಾ ಅದನ್ನು ಮೆಲ್ಲಗೆ ಹಿಡಿದಳು.

"ಎಲ್ಲಾ ತಿನಬ್ಯಾಡವಾ. ಒಂದು ಚೂರು ಉಳಸು."